ಬಬಲ್ ಗಮ್‌ನಂಗ ಅಗದ್ರ ಸಿಗರೇಟ್ ಬಿಡೂದಿಲ್ಲ

‘ಸಿಗರೇಟ್ ಬಿಡಾಕ ಅಗಿಯೂ ನಿಕೋಟಿನ್ ಗಮ್ ಎಲ್ಲಾ ಬೋಗಸ್’ ಅಂತ ಗದಗಿನ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನವರೆಲ್ಲಾ ನಕ್ಕಿದ್ರು. ನಾ ಸಿಗರೇಟ್ ಬಿಟ್ಟು ವರ್ಷದ ಮ್ಯಾಲಾತು. ನಕ್ಕವರ ಪೈಕಿ ಇಬ್ಬರು ಈಗ ‘ಹೆಂಗ ಮಾಡಿದ್ಯೋ’ ಅಂತ ಕೇಳಾಕತ್ತಾರ.

ಮೊದಲು ದಿನಕ್ಕ ಒಂದೆರಡು ಕಡಿಮಿ ಮಾಡ್ಕೋತ ಐದಾರಕ್ಕ ಬಂದಿದ್ದೆ. ಲಗ್ನಪತ್ರಿಕೆ ಸೀಜನ್, ರಾತ್ರಿ ಪಾಳಿ ಬಂತು, ಮತ್ತ ಪ್ಯಾಕೆಟ್. ಬೀಡಿಗೆ ಇಳಿದೆ: ರೊಕ್ಕ ಉಳೀತು, ಕೆಮ್ಮು ಹೆಚ್ಚಾತು. ಚರ್ಮಕ್ಕ ಅಂಟಿಸೂ ನಿಕೋಟಿನ್ ಪ್ಯಾಚ್ ನಮ್ಮ ಬ್ಯಾಸಿಗಿ ಬೆವರಿಗೆ ತೋಳಿನ ಮ್ಯಾಲೆ ನಿಲ್ಲಲಿಲ್ಲ. ಐದಾರುನೂರು ರೂಪಾಯಿ ಮಣ್ಣಪಾಲು.

ಗಮ್ ಕೊಟ್ಟ ಅಂಗಡ್ಯಾಂವ ಹೆಂಗ ಅಗೀಬೇಕು ಅಂತ ಹೇಳಲಿಲ್ಲ. ನಾಕೈದು ಸಲ ಮೆಲ್ಲಕ ಅಗದ್ರ ನಾಲಿಗಿ ಚುರುಚುರು ಅಂತೈತಿ. ಅಲ್ಲಿಗೆ ನಿಲ್ಲಿಸಿ, ತಂಬಾಕಿನವರು ತಂಬಾಕು ಇಡೂ ಜಾಗಾದಾಗ, ಗಲ್ಲಕ್ಕ ಒತ್ತಿ ಇಡಬೇಕು. ಚುರುಚುರು ಹೋದ್ರ ಮತ್ತ ಅಗೀರಿ. ಹಿಂಗ ಅರ್ಧ ತಾಸು. ಒಂದೇ ಸಮ ಅಗದ್ರ ನಿಕೋಟಿನ್ ಎಲ್ಲಾ ಉಗುಳಿನ ಜೋಡಿ ಹೊಟ್ಟಿಗೆ ಇಳದು ಬಿಕ್ಕಳಿಕಿ, ಎದಿಉರಿ. ತಲಬು ಹಂಗ ಉಳೀತೈತಿ. ಎದ್ದು ಅರ್ಧ ತಾಸಿನೊಳಗ ಮೊದಲನೇದು ಹಚ್ಚೂ ನನ್ನಂಥವರಿಗೆ 4 ಮಿ.ಗ್ರಾಂ.ದ್ದೇ ಬೇಕು. 2ರ ಮ್ಯಾಲೆ ಸುಮ್ನ ಒದ್ದಾಡಿದೆ.

ಚಹಾ ಕುಡದು ಕಾಲು ತಾಸು ಗಮ್ ಮುಟ್ಟಬಾರದು, ಬಾಯಿ ಹುಳಿ ಇದ್ರ ನಿಕೋಟಿನ್ ಹಿಡಿಯೂದಿಲ್ಲ. ಚಹಾದ್ದು ಇನ್ನೊಂದು ಕಾಟ ಐತಿ. ಸಿಗರೇಟಿನ ಹೊಗಿ ಒಳಗ ಹೋಗೂತನಕ ಲಿವರ್ ಚಹಾದಾಗಿನ ಕೆಫೀನನ್ನ ಲಗೂನ ಕರಗಿಸ್ತೈತಿ. ಹೊಗಿ ನಿಂತ್ರ ಅದ ಕಪ್ ಚಹಾ ಎರಡು ಕಪ್ಪಿನಂಗ ಹೊಡೀತೈತಿ. ಎರಡನೇ, ಮೂರನೇ ದಿನ ಎದಿ ಡವಡವ, ಮಷಿನ್‌ಗೆ ಪ್ಲೇಟ್ ಕಟ್ಟೂ ಮುಂದ ಕೈ ನಡುಗು. ಎಂಟ್ಹತ್ತು ಕಪ್ ಇದ್ದದ್ದು ನಾಕಕ್ಕ ಇಳಿಸಿದೆ, ನಡುಗೂದು ಹೋತು. ಸಿಡಿಮಿಡಿ ಮಾತ್ರ ಮೂರು ವಾರ ಇತ್ತು, ಮನಿಯವರನ್ನ ಕೇಳ್ರಿ.

ನಡುವ ಒಂದು ಹುಚ್ಚಾಟ: ತಲಬು ಬಂದಾಗ ಬ್ಯಾಡಗಿ ಮೆಣಸಿನಕಾಯಿ ಚೂರು ನಾಲಿಗಿ ಮ್ಯಾಲೆ. ಬಣ್ಣಕ್ಕ ಹೆಸರಾದದ್ದು, ಖಾರ ಎಲ್ಲೀದು! ಗುಂಟೂರು ಕೆಲಸ ಮಾಡ್ತು, ಮರುದಿನ ಮುಂಜಾನೆ ಶಾಪ ಹಾಕಿದೆ. ಕಡೀಕ ಲವಂಗಕ್ಕ ಬಂದು ನಿಂತೆ.

ಸಿಗರೇಟಿಗೆ ದಿನಾ ಇನ್ನೂರು ರೂಪಾಯಿ ಹತ್ತಿರ ಹೋಗ್ತಿತ್ತು. ಗಮ್ ಮೊದಲ ತಿಂಗಳು ದಿನಕ್ಕ ನೂರರ ಆಸುಪಾಸು, ಆಮ್ಯಾಲೆ ಇಳೀತಾ ಮೂರು ತಿಂಗಳಿಗೆ ಬಂದ್. ಸಿಗರೇಟ್ ಪ್ಯಾಕೆಟ್ ಮ್ಯಾಲೆ ಅಚ್ಚಾಗಿರೂ ತಂಬಾಕು ಬಿಡಿಸೂ ಸಹಾಯವಾಣಿ 1800-11-2356ಕ್ಕ ಫೋನ್ ಮಾಡೂದು ಪುಕ್ಕಟೆ. ಅಚ್ಚಿನ ಕೆಲಸದಾಂವ ನಾನ ವರ್ಷಗಟ್ಟಲೆ ಅದನ್ನ ಓದಿರಲಿಲ್ಲ.

ಲಗ್ನದ ಮನ್ಯಾಗ ದೋಸ್ತರು ಪ್ಯಾಕೆಟ್ ಮುಂದ ಹಿಡದ್ರ ನಾ ಹೂಡೂ ಆಟ ಮಾತ್ರ ಇಲ್ಲಿ ಬರಿಯೂದಿಲ್ಲ. ಪ್ರೆಸ್ಸಿಗೆ ಬರ್ರಿ, ಹೇಳ್ತೀನಿ.