ಹಳ್ಳಿಯ ಕರೆಂಟ್ ಲೈನಿಗೆ ಕಂಪ್ಯೂಟರ್ ಮಾದರಿ: ಪಂಪ್‌ಸೆಟ್ ಲೆಕ್ಕ ತಪ್ಪದಿರಲಿ

ಲೈನಿನ ಕೊನೆಯ ತೋಟದಲ್ಲಿ ಮೋಟಾರ್ ಪದೇ ಪದೇ ಸುಡುತ್ತಿದ್ದರೆ ಊರಿನವರು ಇನ್ನೊಂದು ಟಿಸಿ (ಟ್ರಾನ್ಸ್‌ಫಾರ್ಮರ್) ಕೇಳುತ್ತಾರೆ. ಅದನ್ನು ಎಲ್ಲಿ ಕೂರಿಸಬೇಕು, ತಂತಿ ಬದಲಿಸಿದರೆ ಸಾಕಾ ಎಂಬುದನ್ನು ಕಂಬ ನೆಡುವ ಮೊದಲೇ ಕಂಪ್ಯೂಟರಿನಲ್ಲಿ ನೋಡಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಿದ ಇಂಥ ಮಾದರಿಗಳನ್ನು ಎಷ್ಟೋ ನೋಡಿದ್ದೇನೆ. ಪರದೆಯ ಮೇಲೆ ವೋಲ್ಟೇಜ್ ಚೆನ್ನಾಗಿರುತ್ತದೆ, ತೋಟದಲ್ಲಿ ಇರುವುದಿಲ್ಲ. ಹೆಚ್ಚಿನವರು ಎಡವುವುದು ಲೋಡ್ ಲೆಕ್ಕದಲ್ಲಿ.

ಮೊದಲು ಸಾಫ್ಟ್‌ವೇರ್. ಲೈನಿನ ವೋಲ್ಟೇಜ್, ಕರೆಂಟ್ ಲೆಕ್ಕ ಹಾಕುವ ಓಪನ್‌ಡಿಎಸ್‌ಎಸ್ (OpenDSS) ಸಾಕು. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ ಇದನ್ನು 2008ರಲ್ಲೇ ಎಲ್ಲರಿಗೂ ಮುಕ್ತಗೊಳಿಸಿದೆ. ದುಬಾರಿ ಸಾಫ್ಟ್‌ವೇರಿನ ಕಳ್ಳ ಕಾಪಿ ಹುಡುಕಬೇಡಿ. ಹಾಕಿದ ಕೂಡಲೇ ಫ್ರೀಕ್ವೆನ್ಸಿಯನ್ನು 50ಕ್ಕೆ ಬದಲಿಸಿ. ಅದು ತಾನಾಗಿ 60 ಎಂದುಕೊಂಡಿರುತ್ತದೆ.

ಆಮೇಲೆ ನಕ್ಷೆ. ಲೈನ್‌ಮನ್ ಜೊತೆ ಒಂದು ದಿನ ಲೈನ್ ಉದ್ದಕ್ಕೂ ನಡೆಯಿರಿ. ಹಳೆಯ ನಕ್ಷೆಯನ್ನು ಸುಮ್ನೆ ನಂಬಬೇಡಿ. ಪ್ರತಿ ಕಂಬದ ಜಾಗವನ್ನು ಮೊಬೈಲಿನಲ್ಲಿ ಗುರುತಿಸಿ. ತಂತಿ ಯಾವುದು ಎಂದು ಕೇಳಿ: ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ಹೆಸರು ಪ್ರಾಣಿಗಳದ್ದಾದರೂ ವ್ಯತ್ಯಾಸ ದೊಡ್ಡದು. 20 ಡಿಗ್ರಿಯಲ್ಲಿ ವೀಸಲ್ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.93 ಓಮ್, ರ‍್ಯಾಬಿಟ್‌ನದ್ದು 0.55. ಬಿಸಿಲಲ್ಲಿ ಲೋಡ್ ಹೊತ್ತ ತಂತಿಗೆ ಇದು ಇನ್ನೂ ಜಾಸ್ತಿ. ನಾನು ವೀಸಲ್‌ಗೆ 1.1, ರ‍್ಯಾಬಿಟ್‌ಗೆ 0.66 ಹಾಕುತ್ತೇನೆ. ನೀವೂ ಹಾಗೇ ಮಾಡಿ.

ಟಿಸಿ ಸುಲಭ: ಹೊರುವ ಸಾಮರ್ಥ್ಯ 25, 63, 100 ಕೆವಿಎ. ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆ 415 ಅಲ್ಲ, 433 ವೋಲ್ಟ್ ಬರೆಯಿರಿ.

ಈಗ ಪಂಪ್‌ಸೆಟ್. ಇಲ್ಲಿ ಆತುರ ಬೇಡ. ಕಚೇರಿಯ ಪಟ್ಟಿಯಲ್ಲಿ 5 ಎಚ್‌ಪಿ ಎಂದಿರುತ್ತದೆ. ಅದನ್ನು 0.746ರಿಂದ ಗುಣಿಸಿ 3.73 ಕಿಲೋವ್ಯಾಟ್ ಎಂದು ಬರೆದು ಎಲ್ಲರೂ ಮುಂದೆ ಹೋಗುತ್ತಾರೆ. ಆದರೆ ಅದು ಮೋಟಾರ್ ಕೊಡುವ ಶಕ್ತಿ, ಎಳೆಯುವ ಶಕ್ತಿ ಅಲ್ಲ. ದಕ್ಷತೆ ಶೇ 75 ಎಂದರೂ ಲೈನಿನಿಂದ 5 ಕಿಲೋವ್ಯಾಟ್ ಬೇಕು. ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ಕಿಲೋವ್ಯಾಟ್ ಆಗುವ ಪಾಲು) 0.8 ಹಿಡಿದರೆ 6.2 ಕೆವಿಎ. ಅಂದರೆ 63ರ ಟಿಸಿಗೆ ಹತ್ತು ಪಂಪ್ ಆದಾಗಲೇ ಹೊಟ್ಟೆ ತುಂಬಿತು. ಅದರ ಮೇಲೆ ಇನ್ನೂ ಐದಾರು ಪಂಪ್ ನೇತಾಡುವುದನ್ನು ನೋಡಿದ್ದೇನೆ. ಬೋರ್‌ವೆಲ್ ಆಳವಾದಂತೆ ರೈತರು ದೊಡ್ಡ ಮೋಟಾರ್ ಇಳಿಸುತ್ತಾರೆ, ಪಟ್ಟಿಯಲ್ಲಿ ಹಳೆಯದೇ ಉಳಿಯುತ್ತದೆ. ಹಾಗಾಗಿ ಟಾಂಗ್ ಟೆಸ್ಟರ್ (ತಂತಿಯನ್ನು ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ಹಿಡಿದು ಒಂದೆರಡು ಟಿಸಿಗಳಲ್ಲಾದರೂ ಕರೆಂಟ್ ಅಳೆಸಿ. ಕಂಬ ಹತ್ತುವ ಕೆಲಸ ಲೈನ್‌ಮನ್‌ಗೇ ಬಿಡಿ.

ಇನ್ನೊಂದು ತಪ್ಪು: "ಎಲ್ಲ ಪಂಪ್ ಒಟ್ಟಿಗೆ ಓಡುವುದಿಲ್ಲ" ಎಂದು ಲೋಡನ್ನು ಅರ್ಧಕ್ಕೆ ಇಳಿಸುವುದು. ಮನೆಗಳಿಗೆ ಈ ಮಾತು ಸರಿ. ಪಂಪಿಗೆ ಸರಿಯಲ್ಲ. ತ್ರೀ ಫೇಸ್ ಬರುವುದೇ ದಿನಕ್ಕೆ ಕೆಲವು ಗಂಟೆ, ಪಂಪ್‌ ಪಂಪಿಗೂ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕ್ಷಣ ಎಲ್ಲವೂ ಓಡುತ್ತವೆ, ಅಲ್ವಾ? ಪಂಪುಗಳನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಿರಿ.

ಒಂದು ಉದಾಹರಣೆ ನೋಡಿ. ಟಿಸಿಯಿಂದ 600 ಮೀಟರ್ ವೀಸಲ್ ತಂತಿ, ಕೊನೆಯಲ್ಲಿ ನಾಲ್ಕು ಪಂಪ್. ಕರೆಂಟ್ ಸುಮಾರು 35 ಆಂಪಿಯರ್. ತಂತಿಯಲ್ಲೇ 39 ವೋಲ್ಟ್ ಕರಗುತ್ತದೆ. 11 ಕೆವಿ ಕಡೆ ಪೂರ್ತಿ ಇದ್ದರೂ, ತುಂಬಿದ ಟಿಸಿಯೊಳಗಿನ ಇಳಿಕೆ ಸೇರಿದರೆ ಮೋಟಾರಿಗೆ ಸಿಗುವುದು 380ರ ಹತ್ತಿರ. 415ರ ಮೇಲೆ ಶೇ 6ರ ಮಿತಿಯಂತೆ 390ಕ್ಕಿಂತ ಕೆಳಗಿಳಿಯಬಾರದು. ರ‍್ಯಾಬಿಟ್ ಎಳೆದರೆ ತಂತಿಯ ಇಳಿಕೆ 27ಕ್ಕೆ ಬರುತ್ತದೆ. ನನ್ನ ಆಯ್ಕೆ ಬೇರೆ: 11 ಕೆವಿಯನ್ನೇ ತೋಟದ ಹತ್ತಿರ ಒಯ್ದು 25ರ ಟಿಸಿ ಕೂರಿಸಿ.

ಇದೆಲ್ಲ ಸರಿ ಮಾಡಿದವರೂ ಬೀಳುವ ಒಂದು ಗುಂಡಿ ಇದೆ. ವೋಲ್ಟೇಜ್ ಇಳಿದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದಕ್ಕೇ ಸುಡುವುದು. ಹಾಗಾಗಿ ಪಂಪಿಗೆ ಕಾನ್‌ಸ್ಟಂಟ್ ಪವರ್ (ವೋಲ್ಟೇಜ್ ಇಳಿದರೂ ಅಷ್ಟೇ ಶಕ್ತಿ ಎಳೆಯುವ) ಮಾದರಿ ಕೊಡುತ್ತೇವೆ. ಆದರೆ ವೋಲ್ಟೇಜ್ ಶೇ 95ಕ್ಕಿಂತ ಕೆಳಗೆ ಹೋದಾಗ ಓಪನ್‌ಡಿಎಸ್‌ಎಸ್ ಆ ಲೋಡನ್ನು ತಾನಾಗಿ ಕಾನ್‌ಸ್ಟಂಟ್ ಇಂಪೀಡೆನ್ಸ್ ಮಾಡಿಬಿಡುತ್ತದೆ. ಆಗ ವೋಲ್ಟೇಜ್ ಇಳಿದಂತೆ ಕರೆಂಟೂ ಇಳಿದು, ಉತ್ತರ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಪ್ರತಿ ಪಂಪಿನ ಸಾಲಿನಲ್ಲೂ ವಿಮಿನ್‌ಪಿಯು (Vminpu, ಈ ಬದಲಾವಣೆ ಶುರುವಾಗುವ ವೋಲ್ಟೇಜ್ ಮಿತಿ) ಬೆಲೆಯನ್ನು 0.7ಕ್ಕೆ ಇಳಿಸಿ.

ನಗರದಂಚಿನ ಬಡಾವಣೆಯಾದರೆ ಮನೆಗಳೆಲ್ಲ ಸಿಂಗಲ್ ಫೇಸ್. ಯಾವ ಮನೆ ಯಾವ ಫೇಸಿನಲ್ಲಿದೆ ಎಂದು ಬರೆದುಕೊಳ್ಳಿ, ನ್ಯೂಟ್ರಲ್ ತಂತಿಯನ್ನೂ ಮಾದರಿಯಲ್ಲಿ ಎಳೆಯಿರಿ.

ಕೊನೆಗೆ ತಾಳೆ ನೋಡಿ. ಸಬ್‌ಸ್ಟೇಷನ್ ಲಾಗ್‌ಬುಕ್ಕಿನಲ್ಲಿ ಆ ಫೀಡರಿನ (ಊರಿಗೆ ಬರುವ 11 ಕೆವಿ ಲೈನಿನ) ಕರೆಂಟ್ ಗಂಟೆಗೊಮ್ಮೆ ಬರೆದಿರುತ್ತಾರೆ. ತುಂಬಿದ 63ರ ಟಿಸಿ 11 ಕೆವಿ ಕಡೆ 3.3 ಆಂಪಿಯರ್ ಎಳೆಯಬೇಕು. ಮಾದರಿಯ ಒಟ್ಟು ಕರೆಂಟ್ ಲಾಗ್‌ಬುಕ್ಕಿಗಿಂತ ತೀರಾ ಕಡಿಮೆ ಬಂದರೆ ತಂತಿಯ ಅಂಕಿ ತಿದ್ದಿ ಹೊಂದಿಸಬೇಡಿ. ಪಟ್ಟಿ ಹಿಡಿದು ತೋಟಕ್ಕೆ ಹೋಗಿ, ಪಂಪುಗಳನ್ನು ಇನ್ನೊಮ್ಮೆ ಎಣಿಸಿ.