ಆಟಿಸಂ ಇರುವ ಮಗುವಿನ ಐಕ್ಯೂ ಪರೀಕ್ಷೆ: ನಾನು ಮಾಡುವ ಬಗೆ

ಆಟಿಸಂ ಇರುವ ಮಗುವನ್ನು ಐಕ್ಯೂ ಟೆಸ್ಟಿಗೆ ಕರೆತರುವ ಹೆಚ್ಚಿನವರ ಕೈಯಲ್ಲಿ ಬೇರೆ ಯಾರೋ ಬರೆದುಕೊಟ್ಟ ಚೀಟಿ ಇರುತ್ತದೆ. ಶಾಲೆಯವರು ರಿಪೋರ್ಟ್ ಕೇಳಿರುತ್ತಾರೆ, ಇಲ್ಲವೇ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬೇಕಾಗಿರುತ್ತದೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಅಪ್ಪ ಅಮ್ಮನ ಸ್ವಂತ ಪ್ರಶ್ನೆ ಹೊರಬರುತ್ತದೆ: "ನಾವು ಹೇಳೋದು ಇವನಿಗೆ ತಿಳೀತದೋ ಇಲ್ಲೋ, ಅದೊಂದು ಹೇಳ್ರಿ ಮೇಡಂ." ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರುವ ನಾನು ಟೆಸ್ಟ್ ಮಾಡುವುದು ಈ ಪ್ರಶ್ನೆಗಾಗಿ. ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಚೀಟಿಗೆ ಬೇಕಾದದ್ದೂ ಅದರೊಳಗೇ ಸಿಗುತ್ತದೆ. ಹೇಗೆ ಮಾಡುತ್ತೇನೆ ಎಂದು ಬರೆಯುತ್ತಿದ್ದೇನೆ. ಮಕ್ಕಳ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಟೆಸ್ಟಿನ ಪ್ರಶ್ನೆಗಳನ್ನೂ ಬರೆಯುವುದಿಲ್ಲ, ಹೊರಗೆ ಬಂದ ಪ್ರಶ್ನೆ ಆಮೇಲೆ ಯಾವ ಮಗುವಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಮೊದಲ ಭೇಟಿಯಲ್ಲಿ ಟೆಸ್ಟಿನ ಸಾಮಾನಿರುವ ಪೆಟ್ಟಿಗೆ ತೆರೆಯುವುದೇ ಇಲ್ಲ. ಮಗು ರೂಮು ನೋಡಲಿ, ಸ್ವಿಚ್ಚು ಮುಟ್ಟಲಿ, ಕಪಾಟಿನ ಹಿಂದೆ ಏನಿದೆ ಎಂದು ಇಣುಕಲಿ. ಆ ಹೊತ್ತಿನಲ್ಲಿ ನಾನು ಮನೆಯವರನ್ನು ಕೇಳುತ್ತಿರುತ್ತೇನೆ. ಬೇಕಾದ ವಸ್ತುವನ್ನು ಹೇಗೆ ಕೇಳುತ್ತಾನೆ? ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೋ, ಬೆರಳು ತೋರಿಸುತ್ತಾನೋ? ಮೊಬೈಲಿನ ಲಾಕ್ ತೆಗೆಯುತ್ತಾನೋ? ದಿನವೂ ಹೋಗುವ ದಾರಿ ಬದಲಾದರೆ ಗೊತ್ತಾಗುತ್ತದೋ? ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ದಿನದ ಯಾವ ಹೊತ್ತಿನಲ್ಲಿ ಸಮಾಧಾನವಾಗಿರುತ್ತಾನೆ, ರಾತ್ರಿ ನಿದ್ದೆ ಹೇಗೆ? ಮನೆಯಲ್ಲಿ ತಾನಾಗಿಯೇ ಏನಾದರೂ ಮಾಡುತ್ತಿರುವಾಗಿನ ವಿಡಿಯೋ ಇದ್ದರೆ ತರಲು ಹೇಳುತ್ತೇನೆ. ಟೆಸ್ಟಿನಲ್ಲಿ ಬರದ ಎಷ್ಟೋ ಸಂಗತಿ ಅಂಥ ವಿಡಿಯೋಗಳಲ್ಲಿ ಕಂಡಿದ್ದೇನೆ. ಡಬ್ಬದ ಮುಚ್ಚಳಗಳನ್ನು ಅಳತೆಯ ಪ್ರಕಾರ ಜೋಡಿಸುವ ಹುಡುಗಿ, ಬಸ್ಸಿನ ಬೋರ್ಡಿನ ಅಕ್ಷರಗಳನ್ನು ನೆಲದ ಮೇಲೆ ತಪ್ಪಿಲ್ಲದೆ ಬರೆಯುವ, ಬಾಯಿಂದ ಮಾತೇ ಬಾರದ ಹುಡುಗ.

ಭಾಷೆಯದು ದೊಡ್ಡ ವಿಷಯ. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಮಗು ಮಾತ್ರ ಯೂಟ್ಯೂಬಿನ ಕಾರ್ಟೂನ್ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಅಜ್ಜಿಗೆ ಅದು ಅರ್ಥವಾಗುವುದಿಲ್ಲ, ಅಜ್ಜಿಯ ಮಾತು ಮಗುವಿಗೆ ಎಷ್ಟು ಅರ್ಥವಾಗುತ್ತದೆ ಎಂದು ಯಾರಿಗೂ ಖಚಿತವಿಲ್ಲ. ಇಂಥ ಮಗುವಿಗೆ ಬಣ್ಣ, ಪ್ರಾಣಿ, ಅಂಕಿಗಳ ಹೆಸರು ಇಂಗ್ಲಿಷಿನಲ್ಲಿ ಬರುತ್ತವೆ, "ಬಾ", "ಕೂಡು", "ತಗೋ" ಎಂಬುದು ಕನ್ನಡದಲ್ಲಿ ಮಾತ್ರ ತಿಳಿಯುತ್ತದೆ. ಹಾಗಾಗಿ ಯಾವ ಬಗೆಯ ಸೂಚನೆ ಯಾವ ಭಾಷೆಯಲ್ಲಿ ತಲುಪುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡು, ಟೆಸ್ಟ್ ಯಾವ ಭಾಷೆಯಲ್ಲಿ ನಡೆಯಿತು ಎಂದು ರಿಪೋರ್ಟಿನ ಮೊದಲ ಪುಟದಲ್ಲೇ ಬರೆಯುತ್ತೇನೆ. ಎಷ್ಟೋ ರಿಪೋರ್ಟುಗಳಲ್ಲಿ ಈ ಒಂದು ಸಾಲು ಇರುವುದಿಲ್ಲ. ಅದಿಲ್ಲದೆ ಕೆಳಗಿನ ಅಂಕಿಗಳನ್ನು ಓದುವುದು ಹೇಗೆಂದು ನನಗೆ ತಿಳಿಯುವುದಿಲ್ಲ.

ಟೆಸ್ಟಿನ ದಿನ ಬೆಳಗ್ಗೆಯೇ ಕರೆಯುತ್ತೇನೆ. ಕಿರ್ರೆನ್ನುವ ಫ್ಯಾನ್ ಆರಿಸುತ್ತೇನೆ, ಮಿಣುಕುವ ಟ್ಯೂಬ್‌ಲೈಟ್ ಬಿಟ್ಟು ಕಿಟಕಿ ತೆರೆಯುತ್ತೇನೆ. ಮೇಜಿನ ಮೇಲೆ ಆ ಹೊತ್ತಿಗೆ ಬೇಕಾದ ಒಂದೇ ವಸ್ತು. ಅಮ್ಮ ಬೇಕಾದರೆ ಮಗುವಿನ ಹಿಂದೆ ಕೂರಬಹುದು, ಆದರೆ ಉತ್ತರ ಸೂಚಿಸಬಾರದು. ಇದನ್ನು ಮೊದಲೇ ಹೇಳಿರುತ್ತೇನೆ, ಯಾಕೆಂದರೆ ತಾಯಿಯ ಕಣ್ಣು ಸರಿಯುತ್ತರದ ಕಡೆ ಹೊರಳಿದರೆ ಕೆಲವು ಮಕ್ಕಳು ಅದನ್ನೇ ಓದಿಬಿಡುತ್ತಾರೆ. ಎದುರಿಗೆ ಎರಡು ಚಿತ್ರದ ಹಲಗೆ: ಮೊದಲು ಈ ಕೆಲಸ, ಆಮೇಲೆ ನಿನಗೆ ಇಷ್ಟದ್ದು. ಇಷ್ಟದ್ದು ಏನೆಂದು ಮನೆಯವರಿಂದ ತಿಳಿದಿರುತ್ತದೆ. ಒಂದು ಮಗುವಿಗೆ ಗುಳ್ಳೆ ಊದುವುದು, ಇನ್ನೊಂದಕ್ಕೆ ಮೂಲೆಯಲ್ಲಿ ಜಿಗಿಯುವುದು. ದಣಿವು ಕಂಡ ಕೂಡಲೇ ನಿಲ್ಲಿಸಿ ಇನ್ನೊಂದು ದಿನ ಮುಂದುವರಿಸುತ್ತೇನೆ. ಒಂದೇ ಬೈಠಕ್ಕಿನಲ್ಲಿ ಮುಗಿಸಬೇಕೆಂಬ ಅವಸರ ಮಗುವಿನದಲ್ಲ, ನಮ್ಮ ವ್ಯವಸ್ಥೆಯದು. ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬರುವವರಿಗೆ ಎರಡನೆಯ ದಿನ ಎಷ್ಟು ಭಾರವೆಂದು ಬಲ್ಲೆ. ಅಂಥವರನ್ನು ಬೆಳಗ್ಗೆ ಬೇಗ ಕರೆದು, ಊಟದ ಬಿಡುವು ಕೊಟ್ಟು, ಮಧ್ಯಾಹ್ನ ಮತ್ತೆ ಕೂರಿಸುತ್ತೇನೆ.

ಶುರುಮಾಡುವುದು ಬಹುಮಟ್ಟಿಗೆ ಸೆಗ್ವಿನ್ ಫಾರ್ಮ್ ಬೋರ್ಡಿನಿಂದ. ಹತ್ತು ಆಕಾರದ ಮರದ ತುಂಡುಗಳನ್ನು ಅವುಗಳ ಗೂಡಿಗೆ ಸೇರಿಸಬೇಕು. ಮಾತು ಬೇಡ, ಕಣ್ಣಿಗೆ ಕಣ್ಣು ಕೊಡಬೇಕಿಲ್ಲ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಮೊದಲ ಪ್ರಬಂಧದಲ್ಲಿ 11 ಮಕ್ಕಳಿದ್ದರು. ಆ ಮಕ್ಕಳಿಗೆ ಬಿನೆ ಬಗೆಯ, ಅಂದರೆ ಬಹುಪಾಲು ಮಾತಿನಲ್ಲಿ ನಡೆಯುವ ಐಕ್ಯೂ ಪರೀಕ್ಷೆ ನಡೆಸಲಾಗಲಿಲ್ಲ, ಆದರೆ ಸೆಗ್ವಿನ್ ಬೋರ್ಡನ್ನು ಎಲ್ಲರೂ ಚೆನ್ನಾಗಿ ಮಾಡಿದರು ಎಂದು ಕ್ಯಾನರ್ ಅಲ್ಲೇ ದಾಖಲಿಸಿದ್ದಾರೆ. ಎಂಬತ್ತು ವರ್ಷ ಕಳೆದರೂ ನನ್ನ ಮೇಜಿನ ಮೇಲೆ ಅದೇ ನಡೆಯುತ್ತದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಯಾರಾದ ನಾರ್ಮ್ಸ್ (ಯಾವ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಎಷ್ಟು ಮಾಡುತ್ತಾರೆ ಎಂಬ ಹೋಲಿಕೆಯ ಪಟ್ಟಿ) ಕೂಡ ಇದಕ್ಕಿರುವುದು ನಮ್ಮ ಮಕ್ಕಳಿಗೆ ಅನುಕೂಲ. ಆದರೆ ಒಂದು ಎಚ್ಚರಿಕೆ. ಇದೇ ಬೋರ್ಡು ಇಂದು ಆಟಿಕೆಯಾಗಿ ಮಾರಾಟವಾಗುತ್ತದೆ, ಥೆರಪಿ ಸೆಂಟರುಗಳಲ್ಲಿ ದಿನನಿತ್ಯ ಕೈಗೆ ಕೊಡುತ್ತಾರೆ. ವಾರಗಟ್ಟಲೆ ಅದನ್ನೇ ಆಡಿದ ಮಗುವಿನ ವೇಗ ಅಭ್ಯಾಸದ್ದು. "ಇಂಥ ಬೋರ್ಡು ಮನೆಯಲ್ಲಿದೆಯೇ?" ಎಂದು ಕೇಳಿಯೇ ಸಮಯ ಬರೆದುಕೊಳ್ಳುತ್ತೇನೆ. ಇದ್ದರೆ ಆ ಅಂಕವನ್ನು ರಿಪೋರ್ಟಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಿನೆ-ಕಾಮತ್ ಟೆಸ್ಟ್. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ಬಿನೆ ಪರೀಕ್ಷೆಯನ್ನು ಮಾರ್ಪಡಿಸಿ 1934ರಲ್ಲಿ ಹೊರತಂದರು. ನಮ್ಮ ಮಗುವನ್ನು ನಮ್ಮ ಭಾಷೆಯಲ್ಲೇ ಅಳೆಯಬೇಕು ಎಂದು ಆ ಕಾಲದಲ್ಲೇ ಹೊರಟವರ ಬಗ್ಗೆ ನನಗೆ ಗೌರವವಿದೆ. ಆದರೆ ನಾರ್ಮ್ಸ್ ಹಳತಾದಷ್ಟೂ ಅಂಕ ನಿಜಕ್ಕಿಂತ ಮೇಲೆ ಬರುವ ಸಂಭವ ಹೆಚ್ಚು. ಇದು ಹಳೆಯ ಟೆಸ್ಟುಗಳೆಲ್ಲದರ ಕಥೆ. ಆಟಿಸಂ ಇರುವ ಮಗುವಿಗೆ ಇನ್ನೂ ದೊಡ್ಡ ತೊಡಕೆಂದರೆ ಅದರ ಬಹುಪಾಲು ಮಾತಿನ ಮೇಲೆ ನಿಂತಿದೆ. ಪ್ರಶ್ನೆ ಕೇಳಿದರೆ ಮಗು ಪ್ರಶ್ನೆಯನ್ನೇ ತಿರುಗಿ ಹೇಳುತ್ತದೆ. ಅದನ್ನು "ಗೊತ್ತಿಲ್ಲ" ಎಂದು ಬರೆದುಕೊಳ್ಳುವುದು ಸುಲಭ, ಆದರೆ ಗೊತ್ತಿಲ್ಲದ್ದಕ್ಕೂ ಉತ್ತರ ಕಟ್ಟಲಾಗದ್ದಕ್ಕೂ ಬಹಳ ಅಂತರವಿದೆ. ಇದರ ಪ್ರಶ್ನೆಗಳನ್ನು ವಯಸ್ಸಿನ ಹಂತಗಳಾಗಿ ಜೋಡಿಸಿರುತ್ತಾರೆ. ಕೆಳಗಿನ ವಯಸ್ಸಿನ ಪ್ರಶ್ನೆಯಲ್ಲಿ ಎಡವಿದ ಮಗು ಮೂರು ನಾಲ್ಕು ವರ್ಷ ಮೇಲಿನ ಹಂತದ ಒಂದು ಕೆಲಸವನ್ನು ಥಟ್ಟನೆ ಮಾಡುತ್ತದೆ. ಹೀಗೆ ಚದುರಿದ ಉತ್ತರಗಳನ್ನು ಕೂಡಿಸಿ ಮಾನಸಿಕ ವಯಸ್ಸು, ಅಂದರೆ ಮಗು ಯಾವ ವಯಸ್ಸಿನ ಮಟ್ಟದಲ್ಲಿದೆ ಎಂಬ ಲೆಕ್ಕ, ತೆಗೆದು, ಅದನ್ನು ನಿಜ ವಯಸ್ಸಿನಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವ ಅಂಕಿ ಆ ಮಗುವಿನ ಯಾವ ಸಾಮರ್ಥ್ಯವನ್ನೂ ವರ್ಣಿಸುವುದಿಲ್ಲ. ಮಾಲಿನ್ ಅವರು ಭಾರತೀಯ ಮಕ್ಕಳಿಗಾಗಿ ರೂಪಿಸಿದ ಮಿಸಿಕ್ ಎಂಬ ಐಕ್ಯೂ ಟೆಸ್ಟ್ ಮಾಡುವಾಗಲೂ ಇದೇ ಪಾಡು. ಮಾತಿನ ಭಾಗದಲ್ಲಿ 60ರ ಸುತ್ತ, ಕೈಕೆಲಸದ ಭಾಗದಲ್ಲಿ 100ರ ಸುತ್ತ ಬಂದರೆ ಎರಡರ ನಡುವಿನ 80 ಎಂಬ ಮಗು ಎಲ್ಲಿಯೂ ಇಲ್ಲ. ಅಂಥಲ್ಲಿ ಒಟ್ಟು ಐಕ್ಯೂ ಬರೆಯದೆ ಎರಡನ್ನೂ ಬೇರೆ ಬೇರೆಯಾಗಿ ವಿವರಿಸುತ್ತೇನೆ.

ಮಾತು ಕಡಿಮೆ ಇರುವ ಮಕ್ಕಳಲ್ಲಿ ನಾನು ಹೆಚ್ಚು ನೆಚ್ಚುವುದು ರೇವನ್ ಅವರ ಬಣ್ಣದ ಮ್ಯಾಟ್ರಿಸಸ್. ಮೂರು ಗುಂಪು, 36 ಚಿತ್ರ. ವಿನ್ಯಾಸದಲ್ಲಿ ಒಂದು ತುಂಡು ಕಾಣೆಯಾಗಿರುತ್ತದೆ, ಕೆಳಗಿನ ಆರರಲ್ಲಿ ಸರಿಯಾದದ್ದನ್ನು ಆರಿಸಬೇಕು. ಅದರ ಹಲಗೆ ರೂಪವೂ ಇದೆ, ತುಂಡನ್ನು ಕೈಯಲ್ಲಿ ಎತ್ತಿ ಖಾಲಿ ಜಾಗಕ್ಕೆ ಕೂರಿಸಬಹುದು. ಬೆರಳು ತೋರಿಸಲು ಬಾರದ ಮಗುವಿಗೆ ಇದರಿಂದ ದಾರಿ ತೆರೆಯುತ್ತದೆ. ನಾಲ್ಕು ಪದಕ್ಕಿಂತ ಹೆಚ್ಚು ಮಾತಿಲ್ಲದ ಒಬ್ಬ ಹುಡುಗ ಬೇರೆಡೆ ಮಾಡಿಸಿದ ಟೆಸ್ಟಿನ ರಿಪೋರ್ಟ್ ಹಿಡಿದು ಬಂದಿದ್ದ. ತೀವ್ರ ಬೌದ್ಧಿಕ ಕೊರತೆ ಎಂದಿತ್ತು. ಹಲಗೆ ಕೊಟ್ಟ ಮೇಲೆ ಅವನು ತುಂಡುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಒಂದೊಂದನ್ನೇ ಕೂರಿಸುತ್ತ ಹೋದ. ಅಂಕ ಅವನ ವಯಸ್ಸಿನ ಮಕ್ಕಳ ಸರಾಸರಿಗೆ ಹತ್ತಿರ ಬಂತು. ಅವನ ತಾಯಿ ಏನೂ ಮಾತಾಡಲಿಲ್ಲ. ತಂದೆ ಮಾತ್ರ "ಮತ್ತೊಮ್ಮೆ ನೋಡ್ರಿ, ಸರಿ ಐತೇನು" ಎಂದರು. ಸರಿಯಾಗಿಯೇ ಇತ್ತು.

ಇದು ಒಬ್ಬಿಬ್ಬರ ಕಥೆಯಲ್ಲ. 2007ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕಿ ಮಿಶೆಲ್ ಡಾಸನ್ ಮತ್ತು ಸಂಗಡಿಗರು 38 ಆಟಿಸ್ಟಿಕ್ ಮಕ್ಕಳಿಗೆ ವೆಕ್ಸ್‌ಲರ್ (ಮಾತಿನ ಪ್ರಶ್ನೆಗಳೂ ಇರುವ ಐಕ್ಯೂ ಟೆಸ್ಟ್) ಮತ್ತು ರೇವನ್ ಎರಡನ್ನೂ ಕೊಟ್ಟರು. ರೇವನ್‌ನಲ್ಲಿ ಅಂಕ ಸರಾಸರಿ 30 ಪರ್ಸೆಂಟೈಲ್‌ನಷ್ಟು, ಅಂದರೆ ನೂರು ಮಕ್ಕಳ ಸಾಲಿನಲ್ಲಿ 30 ಸ್ಥಾನದಷ್ಟು, ಮೇಲೆ ಬಂದಿತು, ಆಟಿಸಂ ಇಲ್ಲದ ಮಕ್ಕಳಲ್ಲಿ ಅಂಥ ಅಂತರ ಕಾಣಲಿಲ್ಲ. ಡಾಸನ್ ಸ್ವತಃ ಆಟಿಸ್ಟಿಕ್ ವ್ಯಕ್ತಿ. 2015ರಲ್ಲಿ ಅದೇ ನಗರದ ಇನ್ನೊಂದು ಅಧ್ಯಯನದಲ್ಲಿ ಮಾತು ತೀರ ಕಡಿಮೆ ಇದ್ದ 30 ಮಕ್ಕಳಲ್ಲಿ ಒಬ್ಬರೂ ವೆಕ್ಸ್‌ಲರ್ ಪೂರ್ತಿ ಮಾಡಲಿಲ್ಲ, ಆದರೆ 26 ಮಕ್ಕಳು ರೇವನ್ ಮುಗಿಸಿದರು. ಮೊದಲನೆಯದನ್ನೇ ಮಾಡಿ ಬಿಟ್ಟಿದ್ದರೆ ಅವರೆಲ್ಲರ ಫೈಲಿನಲ್ಲಿ "ಪರೀಕ್ಷೆಗೆ ಒಳಪಡಿಸಲಾಗದು" ಎಂದಿರುತ್ತಿತ್ತು. ಆ ವಾಕ್ಯವನ್ನು ನಾನು ಯಾವ ಮಗುವಿನ ಬಗ್ಗೆಯೂ ಬರೆಯುವುದಿಲ್ಲ. "ಈ ದಿನ, ಈ ಟೆಸ್ಟು ಮುಗಿಯಲಿಲ್ಲ, ಇಂಥ ಕಾರಣಕ್ಕೆ" ಎಂದು ಬರೆಯುತ್ತೇನೆ.

ಹಾಗೆಂದು ರೇವನ್ ಅಂಕ ಹಿಡಿದು ಒಳಗೆ ಜಾಣ ಅಡಗಿದ್ದಾನೆ ಎಂದು ಆಸೆ ಹಚ್ಚುವುದೂ ಅನ್ಯಾಯ. ಬೌದ್ಧಿಕ ಕೊರತೆ ನಿಜವಾಗಿಯೇ ಇರುವ ಮಕ್ಕಳು ಬಹಳಷ್ಟಿದ್ದಾರೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಎಂಟು ವರ್ಷದ ಮಕ್ಕಳ ಬಗ್ಗೆ ಸಂಗ್ರಹಿಸಿದ 2020ರ ಮಾಹಿತಿಯಲ್ಲಿ, ಆಟಿಸಂ ಇದ್ದು ಐಕ್ಯೂ ಅಂಕ ಲಭ್ಯವಿದ್ದವರ ಪೈಕಿ ಸುಮಾರು ಶೇಕಡಾ 38 ಮಕ್ಕಳದು 70 ಅಥವಾ ಅದಕ್ಕಿಂತ ಕಡಿಮೆ, ಅಂದರೆ ಬೌದ್ಧಿಕ ಕೊರತೆಯ ಮಟ್ಟದ್ದು. ಆ ಮಕ್ಕಳಿಗೂ ಸ್ಪಷ್ಟವಾದ ಉತ್ತರ ಸಿಗಬೇಕು, ಅವರ ಓದು ಅವರ ಹೆಜ್ಜೆಗೆ ತಕ್ಕಂತೆ ಆಗಬೇಕು. ರೇವನ್ ಅಳೆಯುವುದು ವಿನ್ಯಾಸದ ತರ್ಕವನ್ನು. ರಸ್ತೆ ದಾಟುವುದು, ಹಸಿವೆ ಹೇಳುವುದು, ಮೋಸ ಗುರುತಿಸುವುದು ಅದರೊಳಗಿಲ್ಲ.

ಅದಕ್ಕಾಗಿ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕ. ಮಾಲಿನ್ ಅವರ ಭಾರತೀಯ ರೂಪದಲ್ಲಿ 89 ಅಂಶಗಳಿವೆ, ಮನೆಯವರನ್ನು ಕೇಳಿ ತುಂಬುವಂಥದ್ದು. ಇಲ್ಲಿ ನಾನು ಬಹಳ ಸಮಯ ಕೊಡುತ್ತೇನೆ. "ತಾನೇ ಊಟ ಮಾಡುತ್ತಾನೋ?" ಎಂದರೆ "ಇಲ್ಲ" ಎನ್ನುತ್ತಾರೆ. ಬಿಡಿಸಿ ಕೇಳಿದರೆ ಅಜ್ಜಿ ತುತ್ತು ಮಾಡಿ ಇಡುತ್ತಾರೆ, ಯಾರೂ ತಟ್ಟೆ ಮುಂದಿಟ್ಟು ಬಿಟ್ಟು ನೋಡಿಲ್ಲ. ಬಾರದ್ದು ಯಾವುದು, ಅವಕಾಶವೇ ಸಿಗದ್ದು ಯಾವುದು ಎಂದು ಬೇರ್ಪಡಿಸದಿದ್ದರೆ ಈ ಮಾಪಕದಿಂದ ಬರುವ ಸಾಮಾಜಿಕ ವಯಸ್ಸು (ದಿನನಿತ್ಯದ ಕೆಲಸದಲ್ಲಿ ಮಗು ಯಾವ ವಯಸ್ಸಿನ ಮಟ್ಟದಲ್ಲಿದೆ ಎಂಬ ಲೆಕ್ಕ) ಸುಳ್ಳಾಗುತ್ತದೆ. ತಿರುಗುಮುರುಗಾದ ಮಕ್ಕಳೂ ಬರುತ್ತಾರೆ: ಐಕ್ಯೂ 110, ಗಣಿತದಲ್ಲಿ ಮುಂದು, ಆದರೆ ಪ್ಯಾಂಟಿನ ಗುಂಡಿ ಹಾಕಲು ಬಾರದು, ಟೀಚರ್ ಹತ್ತಿರ ಹೋಗಿ ಟಾಯ್ಲೆಟ್ ಎಂದು ಕೇಳಲು ಆಗದು. ಇಂಥ ಮಗುವಿಗೆ "ಬುದ್ಧಿ ಇದೆ, ಹಟ ಮಾಡುತ್ತಾನೆ" ಎಂಬ ಹಣೆಪಟ್ಟಿ ಬೀಳುತ್ತದೆ, ಬೇಕಾದ ಸಹಾಯ ಸಿಗುವುದಿಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಬೌದ್ಧಿಕ ಕೊರತೆಯ ತೀವ್ರತೆಯನ್ನು ಐಕ್ಯೂ ಅಂಕಿಯ ಬದಲು ದಿನನಿತ್ಯದ ಸಾಮರ್ಥ್ಯದಿಂದ ನಿರ್ಧರಿಸಬೇಕು ಎಂದದ್ದು ಈ ಕಾರಣಕ್ಕೇ ನನಗೆ ಸರಿಯೆನಿಸುತ್ತದೆ.

ಟೆಸ್ಟಿನ ನಿಯಮ ಮುರಿಯುತ್ತೀರಾ ಎಂದು ಈ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಕೇಳುತ್ತಾರೆ. ಮುರಿಯುವುದಿಲ್ಲ. ಬಿಡುವು, ಬೆಳಕು, ಚಿತ್ರದ ಹಲಗೆ, ಇವು ಮಗುವನ್ನು ಟೆಸ್ಟಿನ ಬಾಗಿಲಿಗೆ ತರುತ್ತವೆ. ಉತ್ತರವನ್ನು ಮಾತ್ರ ಮಗುವೇ ಕೊಡಬೇಕು, ಸಮಯದ ಮಿತಿ ಇದ್ದಲ್ಲಿ ಪಾಲಿಸಬೇಕು. ನಿಯಮದ ಪ್ರಕಾರ ಎಲ್ಲ ಮುಗಿದ ಮೇಲೆ, ಬಿಟ್ಟುಹೋದ ಕೆಲವು ಪ್ರಶ್ನೆಗಳನ್ನು ಬೇರೆ ರೀತಿ ಕೇಳಿ ನೋಡುತ್ತೇನೆ: ಬರೆದು ತೋರಿಸಿ, ಆಯ್ಕೆ ಕೊಟ್ಟು, ಇನ್ನಷ್ಟು ಹೊತ್ತು ಕಾದು. ಅದರ ಫಲ ಅಂಕಕ್ಕೆ ಸೇರುವುದಿಲ್ಲ, ಬೇರೆ ಹಾಳೆಯಲ್ಲಿ ಇರುತ್ತದೆ. ಶಾಲೆಯ ಟೀಚರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಹಾಳೆಯೇ.

ರಿಪೋರ್ಟ್ ಕೈಗೆ ಕೊಡುವಾಗ ಒಂದು ಗೊಂದಲವನ್ನು ಪ್ರತಿ ಸಲ ಬಿಡಿಸಬೇಕಾಗುತ್ತದೆ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬಳಸುವ ಇಸಾ (ISAA) ಎಂಬ ಭಾರತೀಯ ಮಾಪಕ ಆಟಿಸಂನ ತೀವ್ರತೆ ಅಳೆಯುತ್ತದೆ. ಅದರಲ್ಲಿ 40 ಅಂಶ, ಒಟ್ಟು 40ರಿಂದ 200ರವರೆಗೆ ಅಂಕ, ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಐಕ್ಯೂನಲ್ಲಿ ಸರಾಸರಿ 100, ಅಲ್ಲಿ ಹೆಚ್ಚಿದಷ್ಟೂ ಸಾಮರ್ಥ್ಯ ಹೆಚ್ಚು. ಸರ್ಟಿಫಿಕೇಟಿನ ಶೇಕಡಾವಾರು ಇವೆರಡೂ ಅಲ್ಲದ ಮೂರನೆಯ ಲೆಕ್ಕ. ಮೂರನ್ನೂ ಕಲಸಿ "ಎಪ್ಪತ್ತು ಬಂದಿದೆ" ಎಂದು ಸಂಬಂಧಿಕರಿಗೆಲ್ಲ ಹೇಳಿ ಕಂಗಾಲಾದ ಮನೆಗಳಿವೆ. ಹಾಗಾಗಿ ಒಂದು ಖಾಲಿ ಹಾಳೆಯ ಮೇಲೆ ಮೂರು ಗೆರೆ ಎಳೆದು, ಮಗು ಪ್ರತಿಯೊಂದರಲ್ಲಿ ಎಲ್ಲಿದೆ ಎಂದು ಗುರುತು ಹಾಕಿ ಕೊಡುತ್ತೇನೆ. ಶಾಲೆಯ ಬಗ್ಗೆ ಚಿಂತೆ ಇದ್ದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಓದಿ ಹೇಳುತ್ತೇನೆ: ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ನನ್ನ ರಿಪೋರ್ಟಿನ ಅಂಕಿ ಮಗುವಿಗೆ ಹೇಗೆ ಕಲಿಸಬೇಕು ಎಂದು ಯೋಚಿಸಲು ಇರುವುದು, ಬಾಗಿಲು ಹಾಕಲು ಅಲ್ಲ ಎಂದು ಶಾಲೆಗೆ ಬರೆಯುವ ಪತ್ರದಲ್ಲಿ ನೇರವಾಗಿಯೇ ಹೇಳುತ್ತೇನೆ.

ಐದು ವರ್ಷದೊಳಗಿನ ಮಗುವಿನ ಅಂಕ ಬಹಳ ಅಲುಗಾಡುತ್ತದೆ. ಆ ವಯಸ್ಸಿನಲ್ಲಿ ಬೆಳವಣಿಗೆಯ ಮಟ್ಟವನ್ನಷ್ಟೇ ಬರೆದು, ಶಾಲೆ ಸೇರಿ ಒಂದಿಷ್ಟು ಮಾತು ಅಥವಾ ಚಿತ್ರದ ಸಂವಹನ ಬಂದ ಮೇಲೆ ಮತ್ತೆ ನೋಡೋಣ ಎನ್ನುತ್ತೇನೆ. ದೊಡ್ಡ ಮಕ್ಕಳನ್ನು ಎರಡು ಮೂರು ವರ್ಷ ಬಿಟ್ಟು ಮತ್ತೆ ಕರೆಯುತ್ತೇನೆ. ಬರುವಾಗ ಹಳೆಯ ರಿಪೋರ್ಟನ್ನು, ಅದರಲ್ಲೂ ಪ್ರತಿ ಉಪಪರೀಕ್ಷೆಯ, ಅಂದರೆ ಟೆಸ್ಟಿನ ಒಂದೊಂದು ಭಾಗದ, ಅಂಕಗಳಿರುವ ಪುಟವನ್ನು ತನ್ನಿ. ಬೇರೆಯವರ ಹತ್ತಿರ ಮಾಡಿಸಿದ್ದರೂ ಆ ಪುಟ ಕೇಳಿ ಇಸಿದುಕೊಳ್ಳಿ. ಯಾವ ಟೆಸ್ಟು, ಯಾವ ಭಾಷೆ, ಮಗು ಅಂದು ಹೇಗಿತ್ತು ಎಂದು ಅದರಲ್ಲಿ ಇಲ್ಲದಿದ್ದರೆ ಬರೆಸಿಕೊಳ್ಳಿ.