ಬಾಯಿಲೆಕ್ಕ ಬಂದ್ರೆ ಬರೆಯುವ ಲೆಕ್ಕ ಸುಲಭ: ನನ್ನ ಅನುಭವ

ಉಡುಪಿ ಹತ್ರ ಶಂಕರಪುರದ ಕಡೆ ಶಾಲೆಯಲ್ಲಿ ನಾನು ನಾಲ್ಕು, ಐದನೇ ಕ್ಲಾಸಿಗೆ ಗಣಿತ ಮಾಡೋದು. ಇಲ್ಲಿ ಸುಮಾರು ಮಕ್ಕಳ ಮನೆಯಲ್ಲಿ ಮಲ್ಲಿಗೆ ಉಂಟು, ಹಾಗಾಗಿ ಹೂ ಮಾರುವ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಅಂತ ಅವ್ರಿಗೆ ಯಾರೂ ಹೇಳಿಕೊಡುವುದೇ ಬೇಡ. 2450 ಹೂ ಆದ್ರೆ ಎಷ್ಟು ಚೆಂಡು ಅಂತ ಒಬ್ಬ ಹುಡುಗಿ ಹತ್ರ ಕೇಳಿದ್ರೆ "800, 1600, 2400... ಮೂರು ಚೆಂಡು, 50 ಹೂ ಉಳೀತು ಟೀಚರ್" ಅಂತ ಪಟಕ್ಕನೆ ಬರ್ತದೆ. ಅದನ್ನೇ 2450 ÷ 800 ಅಂತ ಬೋರ್ಡಲ್ಲಿ ಬರೆದ್ರೆ ಅದೇ ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಕೂತ್ಕೊಳ್ತಾಳೆ. ಆಗ ನಾನು ಅವಳ ಹತ್ರ ಇನ್ನೊಮ್ಮೆ ಬಾಯಲ್ಲೇ ಹೇಳಿಸ್ತೇನೆ, ಅವಳು ಹೇಳ್ತಾ ಹೋದ ಹಾಗೆ 3 ಮೇಲೆ, 2400 ಕೆಳಗೆ, ಕಳೆದು ಉಳಿದ 50 ಅದರಡಿ ಬರೆಸ್ತೇನೆ. ಭಾಗಾಕಾರ ಅಂದ್ರೆ ಇಷ್ಟೇ ಮಗಾ, ನೀನು ಹೇಳಿದ್ದನ್ನೇ ಬರೆದದ್ದು.

ಜಾಸ್ತಿ ಕಷ್ಟ ಆಗೋದು ನಡುವೆ ಸೊನ್ನೆ ಇರುವ ಕಳೆಯುವ ಲೆಕ್ಕದಲ್ಲಿ. 503 ರಲ್ಲಿ 178 ಕಳಿ ಅಂದ್ರೆ ತುಂಬ ಮಕ್ಕಳು 475 ಬರೀತಾರೆ, ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಸಣ್ಣದು ಕಳೆದುಬಿಡ್ತಾರೆ. ಅದೇ ಬಾಯಲ್ಲಿ ಕೇಳಿ, 178 ರಿಂದ 200 ಕ್ಕೆ 22, ಅಲ್ಲಿಂದ 500 ಕ್ಕೆ 300, ಮತ್ತೆ 3, ಒಟ್ಟು 325 ಅಂತ ಎಣಿಸ್ತಾರೆ. ಹಾಗೆ ಎಣಿಸಿದ ಮಗುವಿಗೆ 475 ನೋಡಿದ ಕೂಡ್ಲೇ ಇದು ಆಗ್ಲಿಕ್ಕಿಲ್ಲ ಅಂತ ಅನ್ನಿಸ್ತದೆ. ಆಮೇಲೆ ಆಟದ ನೋಟು ಕೊಟ್ಟು ಒಂದು ನೂರನ್ನು ಹತ್ತರ ನೋಟು ಮಾಡಿಸಿ, ಒಂದು ಹತ್ತನ್ನು ಚಿಲ್ಲರೆ ಮಾಡಿಸಿದ್ರೆ 4 ನೂರು, 9 ಹತ್ತು, 13 ಬಿಡಿ ಕೈಯಲ್ಲೇ ಕಾಣ್ತದೆ, ಸೊನ್ನೆ ಇದ್ದ ಜಾಗದಲ್ಲಿ 9 ಎಲ್ಲಿಂದ ಬಂತು ಅನ್ನೋದು ಮತ್ತೆ ಮರೆತು ಹೋಗುವುದಿಲ್ಲ.

ಒಂದು ಗೊಂದಲ ಮಾತ್ರ ಬಿಡಿಸಿ ಹೇಳ್ಲೇಬೇಕು, ಬಾಯಿಲೆಕ್ಕ ನೂರು, ಹತ್ತು ಅಂತ ದೊಡ್ಡ ಸ್ಥಾನದಿಂದ ಶುರು ಆಗ್ತದೆ, ಬರೆಯುವಾಗ ಬಿಡಿಯಿಂದ. 47 ಕ್ಕೆ 38 ಕೂಡಿಸುವಾಗ 70 ಮತ್ತೆ 15 ಅಂತ ಹೇಳುವ ಮಗುವಿಗೆ ಆ 15 ರ ಹತ್ತೇ ದಶಕ ಅಂತ ಹತ್ತರ ಸಾಲಿನ ಮೇಲೆ ಕೂರೋದು ಅಂತ ತೋರಿಸಿದ್ರೆ ಸಾಕು.

ಮತ್ತೆ ಮಗ್ಗಿ. ಬಾಯಿಪಾಠವೇ ಬೇಡ ಅನ್ನೋರ ಮಾತು ನಾನು ಒಪ್ಪುವುದಿಲ್ಲ. 48 × 7 ಬರೆಯುವಾಗ ಏಳೆಂಟ್ಲೆ ಎಷ್ಟು ಅಂತ ಬೆರಳು ಎಣಿಸ್ತಾ ಕೂತ್ರೆ ಕೈಯಲ್ಲಿಟ್ಟ 5 ಮರೆತೇ ಹೋಗ್ತದೆ ಮಾರಾಯ್ರೆ! ಆದ್ರೆ ಯಾರು ಫಸ್ಟ್ ಅಂತ ರೇಸ್ ಮಾತ್ರ ಇಡಬೇಡಿ, ನಿಧಾನದ ಮಕ್ಕಳು ಬಾಯಿ ಬಿಡುವುದೇ ನಿಲ್ಲಿಸಿಬಿಡ್ತಾರೆ. ನಾನು ದಿನಾ ಪುಸ್ತಕ ತೆಗೆಯುವ ಮೊದಲು ಒಂದೆರಡು ಲೆಕ್ಕ ಬಾಯಲ್ಲೇ ಕೇಳಿ "ಹೇಗೆ ಮಾಡಿದ್ದು?" ಅಂತ ಮೂರು ನಾಲ್ಕು ಮಕ್ಕಳ ಹತ್ರ ಹೇಳಿಸ್ತೇನೆ, ಆ ದಾರಿಯೆಲ್ಲ ಬೋರ್ಡಲ್ಲಿ ಹಾಗೇ ಬರೀತೇನೆ, ಮತ್ತೆಯೇ ಪುಸ್ತಕ.